ಬಾಡಿಗೆಯಿಂದ ಶುರು ಮಾಡಿ, ಬೆಲೆಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಬಾಡಿಗೆಗೆ ಕೊಡಲು ಮನೆ ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಬಾಡಿಗೆ ಎಷ್ಟು ಬರಬಹುದು ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಿ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಮನೆಯ ಬೆಲೆ ಸಾಲ ಸುಲಭವಾಗಿ ಸಿಕ್ಕರೆ ಏರುತ್ತದೆ, ಮುಂದೆ ಇನ್ನೂ ಏರುತ್ತದೆ ಅನ್ನೋ ಆಸೆಯಿಂದಲೂ ಏರುತ್ತದೆ. ಬಾಡಿಗೆ ಹಾಗಲ್ಲ. ಅದನ್ನು ಕೊಡುವುದು ತಿಂಗಳ ಸಂಬಳದಿಂದ ಅಲ್ವಾ? ಹಾಗಾಗಿ ಬಹುಕಾಲ ಸಂಬಳವನ್ನು ಮೀರಿ ಬಾಡಿಗೆ ಏರೋದು ಕಷ್ಟ.

ಬೆಲೆ 100 ಅಂತ ಇಟ್ಟುಕೊಳ್ಳಿ, ವರ್ಷದ ಬಾಡಿಗೆ 5. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಸುಮಾರು 0.4 ಹೋಯಿತು, ರಿಪೇರಿಗೆ 1 ಎತ್ತಿಡಿ, ತೆರಿಗೆ ಮತ್ತು ವಿಮೆಗೆ 0.6 ಅಂದುಕೊಂಡರೆ, ಕೈಗೆ ಉಳಿಯುವುದು 3. ಈಗ 80 ಸಾಲ ಮಾಡಿದ್ದೀರಿ, ಬಡ್ಡಿ ದರ ಶೇ 8 ಅಂದರೆ ಮೊದಲ ವರ್ಷ ಬಡ್ಡಿಯೇ ಸುಮಾರು 6.4. ಉಳಿದ 3.4 ನಿಮ್ಮ ಜೇಬಿನಿಂದಲೇ ಹೋಗಬೇಕು, ಅಸಲಿನ ಕಂತು ಬೇರೆ. ಬೆಲೆ ಏರುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಜಪಾನ್‌ನಲ್ಲಿ 1990ರ ದಶಕದ ಶುರುವಿನಲ್ಲಿ ಜಾಗದ ಬೆಲೆ ಇಳಿಯಲು ಆರಂಭಿಸಿ, ಹತ್ತು ವರ್ಷ ದಾಟಿದರೂ ಇಳಿಯುತ್ತಲೇ ಇತ್ತು.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಕೈಗೆ 3 ಉಳಿಯುತ್ತದೆ, ಹಾಕಿದ ಹಣಕ್ಕೆ ನಿಮಗೆ ವರ್ಷಕ್ಕೆ ಶೇ 5 ಬೇಕು ಅಂದರೆ ಆ ಮನೆಗೆ ನೀವು ಕೊಡಬಹುದಾದದ್ದು 60. ಮಾರುವವರು 100 ಕೇಳಲಿ, ನಿಮ್ಮ ಬೆಲೆ 60. ಸಾಲ ಮಾಡಿ ಕೊಳ್ಳುವುದಾದರೆ ಅದೂ ಜಾಸ್ತಿಯೇ, ಯಾಕೆಂದರೆ ಬಡ್ಡಿ ಶೇ 8 ಇದೆ.

ಇಂಥ ಮನೆ ಸಿಗುತ್ತದಾ? ಕಷ್ಟ, ಆದರೆ ಸಿಗುತ್ತದೆ. ದೊಡ್ಡ ಮನೆಯ ಬೆಲೆ ಚಿಕ್ಕದರ ಎರಡು ಪಟ್ಟು ಇರಬಹುದು, ಬಾಡಿಗೆ ಸಾಮಾನ್ಯವಾಗಿ ಎರಡು ಪಟ್ಟು ಬರುವುದಿಲ್ಲ, ಅದಕ್ಕೆ ಚಿಕ್ಕ ಮನೆಗಳನ್ನು ಮೊದಲು ನೋಡಿ. ಎಲ್ಲರೂ ಮುಗಿಬೀಳುವ ಬಡಾವಣೆಯಿಂದ ಬಸ್ಸಿನಲ್ಲಿ ಎರಡು ಸ್ಟಾಪ್ ಆಚೆ ಹೋದರೆ, ಬೆಲೆ ಇಳಿದಷ್ಟು ಬಾಡಿಗೆ ಇಳಿದಿರುವುದಿಲ್ಲ ಎಷ್ಟೋ ಕಡೆ. ಕಾನೂನು ಒಪ್ಪುವುದಾದರೆ ಎರಡು ಪೋರ್ಷನ್ ಮಾಡಬಹುದಾದ ಹಳೇ ಮನೆ ಇನ್ನೂ ಒಳ್ಳೆಯದು. ಬಣ್ಣ ಹೋಗಿ, ನಲ್ಲಿ ಸೋರಿ, ನೋಡೋಕೆ ಚೆನ್ನಾಗಿಲ್ಲದ ಮನೆಗಳನ್ನು ನಾನು ಬಿಡುವುದೇ ಇಲ್ಲ. ಬಂದವರೆಲ್ಲ ಬಾಗಿಲಿನಿಂದಲೇ ವಾಪಸ್ ಹೋಗಿರುತ್ತಾರೆ, ಹಾಗಾಗಿ ಚೌಕಾಸಿಗೆ ಜಾಗ ಇರುತ್ತದೆ. ಪಾಯ, ತಾರಸಿ ಗಟ್ಟಿ ಇರಬೇಕು ಅಷ್ಟೇ. ಕಾಗದಪತ್ರದಲ್ಲಿ ತೊಡಕಿದ್ದರೆ ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನೊಂದು ಮಾತು. ಬಾಡಿಗೆ ಎಷ್ಟು ಅಂತ ಬ್ರೋಕರ್ ಒಬ್ಬರನ್ನೇ ಕೇಳಬೇಡಿ. ಜಾಹೀರಾತಿನಲ್ಲಿ ಇರುವುದು ಮಾಲೀಕರು ಕೇಳುವ ಬಾಡಿಗೆ, ಬರುವ ಬಾಡಿಗೆ ಅಲ್ಲ. ಅದೇ ಬೀದಿಯ ಬಾಡಿಗೆದಾರರನ್ನು ಮಾತಾಡಿಸಿ, ಖಾಲಿ ಮನೆಯ ಬೋರ್ಡು ಎಷ್ಟು ವಾರದಿಂದ ನೇತಾಡುತ್ತಿದೆ ಅಂತ ಗಮನಿಸಿ. ಲೆಕ್ಕ ಕೂಡದಿದ್ದರೆ ಕೊಳ್ಳಬೇಡಿ. ನೋಡಿದ ಮನೆಗಳ ಪಟ್ಟಿಯನ್ನು ಹಾಗೇ ಇಟ್ಟುಕೊಂಡು, ಆರು ತಿಂಗಳು ಬಿಟ್ಟು ಅದೇ ಮನೆಗಳ ಬೆಲೆ ಮತ್ತೆ ವಿಚಾರಿಸಿ. ಮಾರಾಟವಾಗದೆ ಉಳಿದ ಮನೆಯ ಮಾಲೀಕರು ಆಗ ನಿಮ್ಮ 60ರ ಬಗ್ಗೆ ಮಾತಾಡಲು ತಯಾರಿರಬಹುದು.