ಆಫೀಸಿನ ಟ್ರಾಫಿಕ್ ಮಾತ್ರ ಪ್ರಾಕ್ಸಿಗೆ, ಉಳಿದಿದ್ದೆಲ್ಲಾ ಸೀದಾ

ನಮಸ್ಕಾರ ರೀ ಎಲ್ಲರಿಗೂ, ದಾವಣಗೆರೆಯಿಂದ. ನನ್ನಂಗೆ ಇಲ್ಲೇ ಮನೇಲಿ ಕೂತು ಬೆಂಗಳೂರು ಕಂಪನಿ ಕೆಲಸ ಮಾಡೋರು ಸುಮಾರು ಜನ ಇದೀರಿ, ನಿಮಗೋಸ್ಕರನೇ ಈ ವಿಡಿಯೋ. ಫುಲ್ ವಿಪಿಎನ್, ಅಂದ್ರೆ ಲ್ಯಾಪ್‌ಟಾಪಿನ ಎಲ್ಲಾ ಟ್ರಾಫಿಕ್ಕೂ ಆಫೀಸ್ ಮೂಲಕನೇ ಹೋಗೋ ದಾರಿ, ಹಾಕಿದ್ರೆ ಯೂಟ್ಯೂಬೂ ಆಫೀಸ್ ಸುತ್ಕೊಂಡು ಬರ್ತೈತೆ, ಕೆಲವು ಸಲ ಪಕ್ಕದಲ್ಲಿರೋ ಪ್ರಿಂಟರೂ ಸಿಗಲ್ಲ, ಪಿ.ಬಿ. ರೋಡಲ್ಲಿ ಬೆಣ್ಣೆ ದೋಸೆ ತಿನ್ನೋಕೆ ಚಿತ್ರದುರ್ಗಕ್ಕೆ ಹೋಗಿ ವಾಪಸ್ ಬಂದಂಗೆ.

(ಸ್ಕ್ರೀನ್ ಮೇಲೆ: 10.x, 172.16 ರಿಂದ 172.31, 192.168)

ಇವು ಮನೆ, ಆಫೀಸ್ ಒಳಗಿನ ನೆಟ್‌ವರ್ಕಲ್ಲಿ ಮಾತ್ರ ಬಳಸೋ ಅಡ್ರೆಸ್‌ಗಳು, ಇವಕ್ಕೆ ಹೊರಗಿನ ಇಂಟರ್ನೆಟ್ಟಲ್ಲಿ ದಾರೀನೇ ಇಲ್ಲ. ನಿಮ್ಮನೆ ರೂಟರ್ 192.168.1.1 ಇದ್ರೆ ಪಕ್ಕದ ಮನೇದೂ ಅದೇ ಇರ್ಬಹುದು. ಹಂಗಾಗಿ ಆಫೀಸ್ ಒಳಗಿರೋ ಒಂದು ಮಷೀನು ನಮ್ಮ ಪರವಾಗಿ ಹೋಗಿ ತಂದುಕೊಡ್ಬೇಕು. ಹಿಂಗೆ ಮಧ್ಯೆ ನಿಂತು ತಂದುಕೊಡೋದಕ್ಕೇ ಪ್ರಾಕ್ಸಿ ಅನ್ನೋದು.

ಆಫೀಸಿನ ಜಂಪ್ ಸರ್ವರ್‌ಗೆ (ಹೊರಗಿಂದ ಒಳಗೆ ಹೋಗೋಕೆ ಬಾಗಿಲಿದ್ದಂಗಿರೋ ಮಷೀನು) ಎಸ್‌ಎಸ್‌ಎಚ್ ಮಾಡ್ವಾಗ, ಅಂದ್ರೆ ಕಮಾಂಡ್ ಕೊಟ್ಟು ಲಾಗಿನ್ ಆಗ್ವಾಗ, ಮೈನಸ್ ಕ್ಯಾಪಿಟಲ್ ಡಿ, 1080 (-D 1080, ಇದು ಪೋರ್ಟ್ ನಂಬರು) ಅಂತ ಸೇರಿಸ್ರಿ. ನಿಮ್ಮ ಲ್ಯಾಪ್‌ಟಾಪಲ್ಲೇ ಒಂದು ಸಾಕ್ಸ್ (SOCKS) ಪ್ರಾಕ್ಸಿ ರೆಡಿ ಆಗ್ತೈತೆ, ಬ್ರೌಸರ್ ಅದಕ್ಕೆ ಕೊಟ್ಟಿದ್ದನ್ನ ಅದು ಜಂಪ್ ಸರ್ವರ್ ಮೂಲಕ ಕಳಿಸ್ತೈತೆ. ಅಡ್ಮಿನ್ನ ಒಂದ್ ಮಾತು ಕೇಳಿನೇ ಮಾಡ್ರಿ, ಇದು ಅವರ ನೆಟ್‌ವರ್ಕು.

ಇನ್ನು ಯಾವುದು ಪ್ರಾಕ್ಸಿಗೆ, ಯಾವುದು ಸೀದಾ ಅಂತ ಬ್ರೌಸರ್‌ಗೆ ಹೇಳೋದು ಪ್ಯಾಕ್ (PAC) ಫೈಲು. 1996ರಲ್ಲಿ ಹಳೇ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನೋರು ತಂದಿದ್ದು, ಇವತ್ತಿಗೂ ಎಲ್ಲಾ ಬ್ರೌಸರಲ್ಲೂ ನಡೀತೈತೆ. ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಫಂಕ್ಷನ್ ಅಷ್ಟೇ: ಹೆಸರು ಆಫೀಸ್ ಡೊಮೈನಲ್ಲಿ ಮುಗಿದ್ರೆ ಸಾಕ್ಸ್5, ಅಂದ್ರೆ ಆ ಪ್ರಾಕ್ಸಿಗೆ, ಇಲ್ಲಾಂದ್ರೆ ಡೈರೆಕ್ಟ್.

ಈಗ ಕಿವಿಗೊಟ್ಟು ಕೇಳ್ರಿ, ನಾನು ಒಂದಿಡೀ ದಿನ ಕಳ್ಕೊಂಡಿದ್ದು ಇಲ್ಲೇ. ಪ್ರಾಕ್ಸಿ ಓಡ್ತಿತ್ತು, ಪ್ಯಾಕ್ ಫೈಲ್ ಸರಿ ಇತ್ತು, ಆದ್ರೂ ಪೇಜ್ ತೆರೀತಿರ್ಲಿಲ್ಲ, ಯಾಕಂದ್ರೆ ಆಫೀಸಿನ ಒಳಗಿನ ಹೆಸರನ್ನ ನನ್ನ ಲ್ಯಾಪ್‌ಟಾಪು ಇಲ್ಲಿನ ಬ್ರಾಡ್‌ಬ್ಯಾಂಡ್ ಡಿಎನ್‌ಎಸ್ (ಹೆಸರಿಗೆ ಐಪಿ ಅಡ್ರೆಸ್ ಹುಡುಕಿ ಕೊಡೋ ಸರ್ವರು) ಹತ್ರ ಕೇಳ್ತಿತ್ತು, ಅದಕ್ಕೆ ಆ ಹೆಸರು ಎಲ್ಲಿಂದ ಗೊತ್ತಿರ್ಬೇಕು ಹೇಳ್ರಿ. ಹೆಸರು ಹುಡುಕೋ ಕೆಲಸಾನೂ ಆಫೀಸ್ ಕಡೆನೇ ಆಗ್ಬೇಕು. ಫೈರ್‌ಫಾಕ್ಸಲ್ಲಿ ಪ್ರಾಕ್ಸಿ ಸೆಟ್ಟಿಂಗ್ಸ್ ಕೆಳಗೆ ಸಾಕ್ಸ್ ವಿ5ಗೆ ಪ್ರಾಕ್ಸಿ ಡಿಎನ್‌ಎಸ್ ಅಂತ ಒಂದು ಟಿಕ್ ಐತೆ, ಹಾಕ್ರಿ. ಕಮಾಂಡ್ ಲೈನಲ್ಲಿ ಪೇಜ್ ತರೋ ಕರ್ಲ್ (curl) ಬಳಸೋರು ಸಾಕ್ಸ್5 ಬದ್ಲು ಸಾಕ್ಸ್5ಎಚ್ ಅಂತ ಕೊಡ್ರಿ, ಆ ಒಂದು ಎಚ್ ಇದ್ರೆ ಹೆಸರು ಪ್ರಾಕ್ಸಿ ಕಡೆ ಹುಡುಕ್ತೈತೆ. ಪ್ಯಾಕ್ ಫೈಲಲ್ಲಿ ಐಪಿ ನೋಡಿ ತೀರ್ಮಾನ ಮಾಡೋ ಫಂಕ್ಷನ್‌ಗೆ ಹೆಸರು ಕೊಟ್ರೂ ಇದೇ ಕಥೆ, ಅದು ಮೊದ್ಲು ನಿಮ್ಮ ಮನೆ ಡಿಎನ್‌ಎಸ್‌ನೇ ಕೇಳ್ತೈತೆ, ಅದಕ್ಕೇ ಹೆಸರಿನ ಬಾಲ ನೋಡಿ ಬರೀರಿ ಅನ್ನೋದು ನಾನು.

ಎಲ್ಲಾ ಆದ್ಮೇಲೆ ಆ ಕಡೆ ಮಷೀನು ಎದ್ದಿದೆಯಾ ಅಂತ ನೋಡೋಕೆ ಪಿಂಗ್ ಹೊಡೆದು ಉತ್ತರ ಬರ್ಲಿಲ್ಲ ಅಂತ ಗಾಬರಿ ಆಗ್ಬೇಡ್ರಿ. ಈ ದಾರೀಲಿ ಟಿಸಿಪಿ, ಅಂದ್ರೆ ವೆಬ್ ಪೇಜ್ ತರೋ ಥರದ ಸಂಪರ್ಕ, ಮಾತ್ರ ಹೋಗ್ತೈತೆ, ಪಿಂಗ್ ಹೋಗಲ್ಲ. ಬ್ರೌಸರಲ್ಲಿ ಆಫೀಸ್ ಪೇಜ್ ತೆಗೆದು ನೋಡ್ರಿ, ಎಲ್ಲಿ ನಿಂತೋಯ್ತು ಅಂತ ಕಾಮೆಂಟಲ್ಲಿ ಹಾಕ್ರಿ, ಒಂದೊಂದನ್ನೂ ಓದಿ ಉತ್ತರ ಕೊಡ್ತೀನಿ.