ಕುಲಾಂತರಿ ಬೆಳೆ ತಟ್ಟೆಗೆ ಬಂದಾಗ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕೇಳುಗರಿಗೆಲ್ಲ ನಮಸ್ಕಾರ.

ಕುಲಾಂತರಿ ಆಹಾರ ತಿನ್ನಬಹುದಾ? ಹೀಗೆ ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ. ಯಾವ ಬೆಳೆ? ಅದಕ್ಕೆ ಸೇರಿಸಿದ ಜೀನ್ ಯಾವುದು? ಅದರಲ್ಲಿ ನೀವು ತಿನ್ನುವ ಭಾಗ ಯಾವುದು? ಇಷ್ಟು ಗೊತ್ತಿಲ್ಲದೆ ಹೌದು ಅಂದರೂ ಅಷ್ಟೇ, ಇಲ್ಲ ಅಂದರೂ ಅಷ್ಟೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದಾವಣಗೆರೆ ಸುತ್ತಮುತ್ತ ಬೆಳೆಯುವ ಮೆಕ್ಕೆಜೋಳ ಹೈಬ್ರಿಡ್, ಕುಲಾಂತರಿ ಅಲ್ಲ. ಮೆಕ್ಕೆಜೋಳದ ಎರಡು ತಳಿ ಕೂಡಿಸಿದರೆ ಹೈಬ್ರಿಡ್. ಮಣ್ಣಿನ ಬ್ಯಾಕ್ಟೀರಿಯಾದಂಥ ಬೇರೆ ಜೀವಿಯ ಜೀನ್ ತಂದು ಗಿಡದೊಳಗೆ ಸೇರಿಸಿದರೆ ಕುಲಾಂತರಿ. ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದು ರೈತರ ಹೊಲಕ್ಕೆ ಬಂದದ್ದು ಬಿಟಿ ಹತ್ತಿ ಮಾತ್ರ, 2002ರಲ್ಲಿ. ಬಿಟಿ ಅನ್ನುವುದು ಅದಕ್ಕೆ ಜೀನ್ ಕೊಟ್ಟ ಮಣ್ಣಿನ ಬ್ಯಾಕ್ಟೀರಿಯಾದ ಚುಟುಕು ಹೆಸರು.

ಹತ್ತಿ ಬಟ್ಟೆಗಲ್ವಾ, ಊಟಕ್ಕೇನು ಅನ್ನಬೇಡಿ. ಹತ್ತಿಬೀಜದ ಎಣ್ಣೆ ಅಡುಗೆಗೆ ಬರುತ್ತದೆ, ಹಿಂಡಿ ದನಗಳ ಗೋದಲಿಗೆ ಹೋಗುತ್ತದೆ. ಕಾಯಿಕೊರಕ ಹುಳುವನ್ನು ಕೊಲ್ಲುವುದು ಆ ಜೀನ್‌ನಿಂದ ಗಿಡದಲ್ಲಿ ತಯಾರಾಗುವ ಒಂದು ಪ್ರೋಟೀನ್. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ವಿಷಯ ನೋಡಿ. ಬಿಟಿ ಇರಲಿ ಬಿಡಲಿ, ಹತ್ತಿಬೀಜದಲ್ಲಿ ಸಾಮಾನ್ಯವಾಗಿ ಗಾಸಿಪಾಲ್ ಎಂಬ ವಿಷ ಹುಟ್ಟಿನಿಂದಲೇ ಇರುತ್ತದೆ. ಅದನ್ನು ತೆಗೆಯುವುದೂ ರಿಫೈನಿಂಗೇ. ಹಾಗಾಗಿ ಪರೀಕ್ಷೆ ಮಾಡುವವರು ಹೊಸ ಪ್ರೋಟೀನ್ ಒಂದನ್ನೇ ನೋಡಿದರೆ ಸಾಲದು. ಜೀನ್ ಸೇರಿಸಿದ ಮೇಲೆ ಹಳೆಯ ವಿಷವೇನಾದರೂ ಜಾಸ್ತಿಯಾಯಿತಾ, ಪೋಷಕಾಂಶ ಕಡಿಮೆಯಾಯಿತಾ ಎಂದು ಮಾಮೂಲಿ ತಳಿಯ ಪಕ್ಕದಲ್ಲಿಟ್ಟು ಅಳೆಯುತ್ತಾರೆ.

ಅಂಥದ್ದೇ ಜೀನ್ ಸೇರಿಸಿದ ಬಿಟಿ ಬದನೆಕಾಯಿ ವಿಷಯ ಬೇರೆ. ಅದನ್ನು ಇಡೀ ಕಾಯಿಯಾಗಿ ತಿನ್ನುತ್ತೇವೆ, ಪ್ರೋಟೀನ್ ಸಮೇತ. ಆ ಪ್ರೋಟೀನ್ ಹುಳುವಿನ ಕ್ಷಾರೀಯ ಕರುಳಲ್ಲಿ ಕೆಲಸ ಮಾಡುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಅಲ್ಲಿ ಬೇಗ ಜೀರ್ಣವಾಗಿಬಿಡುತ್ತದೆ ಎನ್ನುತ್ತಾರೆ. ಅದನ್ನು ಪ್ರಯೋಗಾಲಯದಲ್ಲಿ ಜಠರರಸದಂಥ ದ್ರಾವಣದಲ್ಲಿ ಹಾಕಿ ನೋಡುತ್ತಾರೆ. ಗೊತ್ತಿರುವ ಅಲರ್ಜಿ ಪದಾರ್ಥಗಳಿಗೆ ಹೋಲುತ್ತದಾ ಎಂದೂ ನೋಡುತ್ತಾರೆ. ಆಮೇಲೆ ಇಲಿಗಳಿಗೆ ತಿನ್ನಿಸುತ್ತಾರೆ, ಸಾಮಾನ್ಯವಾಗಿ 90 ದಿನ.

ಇದೆಲ್ಲ ಬರೀ ನಾಟಕ ಅನ್ನುವವರಿಗೆ ಒಂದು ಉದಾಹರಣೆ. ಅಮೆರಿಕದಲ್ಲಿ ಸೋಯಾಕ್ಕೆ ಬ್ರೆಜಿಲ್ ನಟ್ ಎಂಬ ಬೀಜದ ಜೀನ್ ಸೇರಿಸಿದ್ದರು. ಆ ಬೀಜ ಆಗದವರ ರಕ್ತದಲ್ಲಿ ಪರೀಕ್ಷಿಸಿದಾಗ ಅಲರ್ಜಿ ಕೊಡುವ ಪ್ರೋಟೀನೇ ಸೋಯಾಕ್ಕೆ ಬಂದಿತ್ತು ಎಂದು ಗೊತ್ತಾಯಿತು. 1996ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ.

ಪರೀಕ್ಷೆಗಳ ಮೇಲೆ ನನಗೆ ನಂಬಿಕೆ ಇದೆ. ತಕರಾರು ಇರುವುದು ಅದನ್ನು ನಡೆಸುವವರ ಬಗ್ಗೆ. ಬೀಜ ಮಾರುವ ಕಂಪನಿಯೇ ಪರೀಕ್ಷೆಯ ವರದಿಯನ್ನೂ ತಂದುಕೊಟ್ಟರೆ ರೈತನಿಗೆ ಅನುಮಾನ ಬರದೇ ಇರುತ್ತದಾ? ಬಿಟಿ ಬದನೆಗೆ 2009ರಲ್ಲಿ ತಜ್ಞರ ಸಮಿತಿ ಹಸಿರು ನಿಶಾನೆ ತೋರಿಸಿತು. 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ಸ್ವತಂತ್ರ ಪರೀಕ್ಷೆ ಬೇಕೆಂಬುದು ಆಗ ಎದ್ದ ದೊಡ್ಡ ಕೂಗು. ಪಕ್ಕದ ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯುತ್ತಿದ್ದಾರೆ.

ಈಗ ಸಾಸಿವೆಯ ಸರದಿ. 2022ರಲ್ಲಿ ಕುಲಾಂತರಿ ಸಾಸಿವೆಗೆ ಒಪ್ಪಿಗೆ ಸಿಕ್ಕಿತು. 2024ರ ಜುಲೈನಲ್ಲಿ ಆ ಒಪ್ಪಿಗೆಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ಸಾಸಿವೆಯಲ್ಲಿರುವ ಒಂದು ಜೀನ್ ಕಳೆನಾಶಕವನ್ನು ತಡೆದುಕೊಳ್ಳುವಂಥದ್ದು. ಅಂದರೆ ಪ್ರೋಟೀನ್ ಜೊತೆಗೆ ಕಳೆನಾಶಕದ ಉಳಿಕೆಯನ್ನೂ ಅಳೆಯಬೇಕು. ಉತ್ತರದವರು ಸಾಸಿವೆಯನ್ನು ಹೆಚ್ಚಾಗಿ ಎಣ್ಣೆಯಾಗಿ ಬಳಸುತ್ತಾರೆ. ನಾವು ಒಗ್ಗರಣೆಗೆ ಕಾಳನ್ನೇ ಹಾಕುತ್ತೇವೆ, ಗೊಜ್ಜಿಗೆ ರುಬ್ಬುತ್ತೇವೆ. ಎಣ್ಣೆಯಲ್ಲಿ ಪ್ರೋಟೀನ್ ಇರಲ್ಲ ಎಂಬ ಸಮಾಧಾನ ನಮ್ಮ ಒಗ್ಗರಣೆ ಸೌಟಿಗೆ ಸಾಲುವುದಿಲ್ಲ.