ಎಲ್ಲಿಗೆ ಅಂತ ಇಲ್ಲ, ಸುಮ್ನೆ ಒಂದು ಸವಾರಿ

ಎಲ್ಲರಿಗೂ ನಮಸ್ಕಾರ.

ಸೈಕಲ್ ಹೊರಗೆ ತೆಗೆದ ತಕ್ಷಣ ಮನೆಯವರು ಕೇಳುವ ಪ್ರಶ್ನೆ ಒಂದೇ. ಎಲ್ಲಿಗೆ?

ಮೂರು ವರ್ಷದ ಹಿಂದೆ ಒಂದು ಸಂಜೆ ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಆ ದಿನವೆಲ್ಲ ಒಂದೇ ಇಮೇಲ್‌ಗೆ ಉತ್ತರ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಇದರಲ್ಲೇ ಕಳೆದಿತ್ತು. ತಲೆ ಕಲ್ಲಿನ ಹಾಗಾಗಿತ್ತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಸೈಕಲ್‌ಗೆ ಗಾಳಿ ಹೊಡೆದೆ, ಹೊರಟೆ. ಮೊದಲ ತಿರುವಿನಲ್ಲಿ ಎಡಕ್ಕೆ ಹೋದೆ, ಯಾಕೆಂದರೆ ಬಲಕ್ಕೆ ಹೋದರೆ ಆಫೀಸಿನ ದಾರಿ. ಮುಕ್ಕಾಲು ಗಂಟೆ ಸುತ್ತಿ ಬಂದು ಕೂತಾಗ ಆ ಇಮೇಲ್ ಐದು ಸಾಲಿನಲ್ಲಿ ಮುಗಿಯಿತು. ಅದು ಮುಗಿದಿದ್ದಕ್ಕಿಂತ ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು, ಆ ಮುಕ್ಕಾಲು ಗಂಟೆಯಲ್ಲಿ ಅದು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ ಅನ್ನುವುದು. ಅದು ಹೇಗೆ ಸಾಧ್ಯವಾಯಿತು ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಇಲ್ಲಿ ಧ್ಯಾನಕ್ಕೆ ಕೂತು ನೋಡಿದವರು ಇರುತ್ತೀರಿ. ಉಸಿರನ್ನು ಗಮನಿಸಿ ಅಂತ ಹೇಳಿಕೊಡುತ್ತಾರೆ. ಮೂರನೇ ಉಸಿರಿಗೆ ಮನಸ್ಸು ಇನ್ನೆಲ್ಲೋ ಹೋಗಿರುತ್ತದೆ, ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರ ಮನಸ್ಸೂ ಹಾಗೇ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರನ್ನು ಫೋನಿನ ಮೂಲಕ ಯಾವ್ಯಾವುದೋ ಹೊತ್ತಿನಲ್ಲಿ ಕೇಳಿದ್ದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯಾ? ಸುಮಾರು ಶೇ. 47ರಷ್ಟು ಸಲ ಬಂದ ಉತ್ತರ, ಇಲ್ಲ. ಹಾಗೆ ಅಲೆಯುತ್ತಿರುವ ಮನಸ್ಸಿನಲ್ಲಿ ಖುಷಿ ಕಡಿಮೆ ಅನ್ನುವುದೂ ಅದರಲ್ಲಿ ಕಂಡುಬಂತು.

ಸೈಕಲ್ ಮೇಲೆ ಕೂತಾಗ ಈ ಅಲೆದಾಟಕ್ಕೆ ಏನೋ ಆಗುತ್ತದೆ. ನಡೆಯುವಾಗ ನನ್ನ ಚಿಂತೆಯೂ ನನ್ನ ಜೊತೆಗೇ ನಡೆದು ಬರುತ್ತದೆ, ಕಾಲಿಗೆ ಆ ಕೆಲಸ ತೀರಾ ಸುಲಭ. ಸೈಕಲ್ ಹಾಗಲ್ಲ, ಬಿಟ್ಟರೆ ಬೀಳುತ್ತದೆ. ನೀವು ಎಡಕ್ಕೆ ಚೂರು ವಾಲಿದರೆ ಕೈ ತಾನಾಗಿಯೇ ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತದೆ, ಚಕ್ರ ಮತ್ತೆ ಮೈ ಕೆಳಗೆ ಬಂದು ನಿಲ್ಲುತ್ತದೆ. ಇನ್ನೂ ಸೊಗಸು ಅಂದರೆ, ಬಲಕ್ಕೆ ತಿರುಗಬೇಕು ಅಂದಾಗ ಹ್ಯಾಂಡಲ್ ಮೊದಲು ಒಂದು ಕ್ಷಣ ಎಡಕ್ಕೆ ಹೋಗುತ್ತದೆ, ಅದರಿಂದ ಮೈ ಬಲಕ್ಕೆ ವಾಲುತ್ತದೆ, ಆಮೇಲೆ ತಿರುವು. ನಾವೆಲ್ಲ ಇದನ್ನು ಸಾವಿರ ಸಲ ಮಾಡಿದ್ದೇವೆ, ಮಾಡಿದ್ದು ಗೊತ್ತಿಲ್ಲ. ವಿಮಾನ ಹಾರಿಸುವ ಮೊದಲು ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದರು. ಅವರಲ್ಲಿ ಒಬ್ಬನಾದ ವಿಲ್ಬರ್ ರೈಟ್ ಹೇಳಿದ್ದ: ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ಹತ್ತಾರು ಸವಾರರನ್ನು ಕೇಳಿದ್ದೇನೆ, ಮೊದಲ ಸಲ ಕೇಳಿದಾಗ ಒಬ್ಬರೂ ಪೂರ್ತಿ ಸರಿಯಾಗಿ ಹೇಳಲಿಲ್ಲ. ಚಕ್ರ ಬುಗುರಿಯ ಹಾಗೆ ತಿರುಗುವುದರಿಂದಲೇ ಸೈಕಲ್ ಬೀಳದೆ ನಿಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಬುಗುರಿ ಗುಣವನ್ನೇ ತೆಗೆದುಹಾಕಿದ ಒಂದು ಸೈಕಲ್ ಮಾಡಿದರು. ಸವಾರ ಇಲ್ಲದೆ, ತಳ್ಳಿಬಿಟ್ಟರೆ, ಅದೂ ನೆಟ್ಟಗೆ ಓಡಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಸೈಕಲ್ ಮೇಲೆ ನಮ್ಮ ಮೈ ಪ್ರತಿ ಕ್ಷಣ ಒಂದು ನಾಜೂಕಾದ ಕೆಲಸ ಮಾಡುತ್ತಿರುತ್ತದೆ, ಕಣ್ಣು ಮುಂದಿನ ಜಲ್ಲಿ, ಗುಂಡಿ, ಅಡ್ಡ ಬರುವ ನಾಯಿ ಇವುಗಳ ಮೇಲೆ ಇರುತ್ತದೆ, ಹಾಗಾಗಿ ಮನಸ್ಸು ನಾಳೆಗೆ ಓಡಿದರೂ ರಸ್ತೆ ಅದನ್ನು ಮೆಲ್ಲಗೆ ಈ ಹೊತ್ತಿಗೆ ಕರೆದು ತರುತ್ತದೆ. ನಾನು ಬಲವಂತ ಮಾಡುವುದು ಬೇಕಿಲ್ಲ.

ಆದರೆ ಇದನ್ನು ಕೆಡಿಸಿಕೊಳ್ಳುವುದೂ ಬಹಳ ಸುಲಭ. ನಾನು ಕೆಡಿಸಿಕೊಂಡಿದ್ದೆ. ಮೊದಲ ಸವಾರಿಯ ಖುಷಿಗೆ ಒಂದು ಮೀಟರ್ ಹಾಕಿಸಿದೆ, ಫೋನಿನಲ್ಲಿ ಆ್ಯಪ್ ಹಾಕಿಕೊಂಡೆ, ವಾರಕ್ಕೆ ಇಷ್ಟು ಕಿಲೋಮೀಟರ್ ಅಂತ ಗುರಿ ಇಟ್ಟುಕೊಂಡೆ. ಒಂದೇ ತಿಂಗಳು. ಸವಾರಿ ಇನ್ನೊಂದು ಆಫೀಸ್ ಆಯಿತು. ಏರು ಹತ್ತುವಾಗ ಪಕ್ಕದಲ್ಲಿ ಹಕ್ಕಿ ಕೂಗಿದರೂ ನನ್ನ ಕಣ್ಣು ಮೀಟರಿನ ಮೇಲೆ. ಇನ್ನೂ ಎಷ್ಟಿದೆ, ಹೋದ ಸಲಕ್ಕಿಂತ ಎಷ್ಟು ಹಿಂದಿದ್ದೇನೆ, ಇದೇ ಲೆಕ್ಕ. ಗುರಿ ಇಟ್ಟುಕೊಂಡ ಮನಸ್ಸು ಯಾವಾಗಲೂ ಸೈಕಲ್‌ಗಿಂತ ಸ್ವಲ್ಪ ಮುಂದೆ ಓಡುತ್ತಿರುತ್ತದೆ. ಒಂದು ದಿನ ಮೀಟರ್ ಬಿಚ್ಚಿಟ್ಟೆ. ಸ್ಪರ್ಧೆಗೆ ತಯಾರಾಗುವವರಿಗೆ ಅದು ಬೇಕು, ಒಪ್ಪುತ್ತೇನೆ. ನನಗೆ ಬೇಕಾಗಿದ್ದು ಬೇರೆ.

ನಮ್ಮ ಭಾಷೆಯಲ್ಲಿ ಒಂದು ಚಂದದ ಪದ ಇದೆ, ಸುಮ್ಮನೆ. ಸುಮ್ಮನಿರು ಅಂದರೆ ಮಾತು ನಿಲ್ಲಿಸು. ಸುಮ್ನೆ ಬಂದೆ ಅಂದರೆ ಯಾವ ಕಾರಣವೂ ಇಲ್ಲದೆ ಬಂದೆ. ಮೌನಕ್ಕೂ ಕಾರಣ ಇಲ್ಲದಿರುವುದಕ್ಕೂ ಒಂದೇ ಪದ. ನನಗೆ ಇದು ಅರ್ಥವಾಗಿದ್ದು ಸೈಕಲ್ ಮೇಲೆಯೇ. ಕಾರಣ ಬಿಟ್ಟು ಹೊರಟ ದಿನ ಒಳಗಿನ ಮಾತೂ ಕಡಿಮೆಯಾಗುತ್ತದೆ, ಅದೂ ಕೂಡಲೇ ಅಲ್ಲ. ಮೊದಲ ಹತ್ತು ನಿಮಿಷ ತಲೆಯೊಳಗೆ ಜಗಳ ನಡೆಯುತ್ತಲೇ ಇರುತ್ತದೆ, ಹೇಳಬೇಕಾಗಿತ್ತು ಹೇಳಲಿಲ್ಲ, ಅವರು ಹಾಗಂದರು. ಆಮೇಲೆ ಒಂದು ಏರು ಬರುತ್ತದೆ, ಉಸಿರು ಜೋರಾಗುತ್ತದೆ, ಉಸಿರಿನ ಮುಂದೆ ಜಗಳ ಉಳಿಯುವುದಿಲ್ಲ. ಏರು ಮುಗಿದು ಇಳಿಜಾರು ಸಿಕ್ಕಾಗ ತುಳಿಯುವುದು ನಿಲ್ಲಿಸುತ್ತೀರಿ. ಹಿಂದಿನ ಚಕ್ರದ ಫ್ರೀವೀಲ್ ಟಿಕ್ ಟಿಕ್ ಟಿಕ್ ಅನ್ನುತ್ತದೆ. ಬೆವರಿದ ಕುತ್ತಿಗೆಗೆ ಗಾಳಿ ತಾಗುತ್ತದೆ. ಅಷ್ಟು ಹೊತ್ತು ನೀವು ಎಲ್ಲಿದ್ದೀರೋ ಅಲ್ಲೇ ಇರುತ್ತೀರಿ, ಪೂರ್ತಿಯಾಗಿ.

ಹೇಗೆ ಶುರುಮಾಡುವುದು ಅಂತ ಕೇಳುತ್ತಾರೆ. ಬ್ರೇಕ್, ಟೈರಿನ ಗಾಳಿ, ದೀಪ, ಹೆಲ್ಮೆಟ್ ಇಷ್ಟು ಮೊದಲೇ ತಯಾರಿರಲಿ, ಯಾಕೆಂದರೆ ಹೊರಡಬೇಕು ಅನ್ನಿಸಿದ ಹೊತ್ತಿಗೆ ಪಂಪ್ ಹುಡುಕುತ್ತಾ ಕೂತರೆ ಆ ಮನಸ್ಸು ಹೋಗಿಬಿಡುತ್ತದೆ. ಫೋನ್ ಸೈಲೆಂಟ್ ಮಾಡಿ ಬ್ಯಾಗಿನಲ್ಲಿ ಹಾಕಿ. ಇಯರ್‌ಫೋನ್ ದಯವಿಟ್ಟು ಬೇಡ, ಹಿಂದೆ ಬರುವ ಗಾಡಿ ಕಿವಿಗೆ ಕೇಳಬೇಕು. ತಿರುವು ಬಂದಾಗ ಯಾವ ದಾರಿ ಕರೆಯುತ್ತದೋ ಆ ದಾರಿ ಹಿಡಿಯಿರಿ. ನಿಧಾನ ಹೋಗಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಆ ಗುದ್ದಾಟ ನಮಗೆ ಬೇಕಿಲ್ಲ. ಅರ್ಧ ಸುಸ್ತಾಗುವ ಮೊದಲೇ ವಾಪಸ್ ತಿರುಗಿ.

ಮನಸ್ಸು ತಿಂಗಳುಗಟ್ಟಲೆ ಕುಸಿದಿದ್ದರೆ ವೈದ್ಯರ ಹತ್ತಿರ ಹೋಗಿ, ಸೈಕಲ್ ಅದರ ಜಾಗಕ್ಕೆ ಬರುವುದಿಲ್ಲ. ಏನೂ ಆಗದ ಸವಾರಿಗಳೂ ಇರುತ್ತವೆ. ಹೊರಟಾಗ ಇದ್ದ ಭಾರವನ್ನೇ ಹೊತ್ತು ಬಂದ ದಿನಗಳು ನನಗೂ ಇವೆ.

ಹೋದ ವಾರ ಒಂದು ನೇರ ರಸ್ತೆಯಲ್ಲಿ ಹೋಗುತ್ತಿದ್ದೆ. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದ ಆಯಿತು. ಕಿವಿಯ ಬಳಿ ಗಾಳಿಯ ಸದ್ದಿಲ್ಲ, ಚೈನು ಹಲ್ಲಿಗೆ ಕೂರುವ ಸಣ್ಣ ಸದ್ದು ಮಾತ್ರ. ಗಾಳಿಯೇ ನಿಂತಿದೆ ಅಂದುಕೊಂಡೆ. ಪಕ್ಕದ ಹುಲ್ಲು ನೋಡಿದರೆ ನಾನು ಹೋಗುವ ದಿಕ್ಕಿಗೇ ಬಾಗಿತ್ತು. ಗಾಳಿ ನನ್ನಷ್ಟೇ ವೇಗದಲ್ಲಿ, ನನ್ನ ಬೆನ್ನ ಹಿಂದೆಯೇ ಬರುತ್ತಿತ್ತು. ಎಷ್ಟು ದೂರದಿಂದ ಜೊತೆಗಿತ್ತೋ. ಹ್ಯಾಂಡಲನ್ನು ಹಗುರಾಗಿ ಹಿಡಿದು, ಆ ರಸ್ತೆ ಮುಗಿಯುವವರೆಗೂ ಹಾಗೇ ಹೋದೆ.